ತದ್ಭವ ಯಂತ್ರಮಾನವರು

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಸಂಪ್ರದಾಯವು ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ನನ್ನ ತಾಯಿಯ ಕಾಲದಿಂದಲೂ ನಡೆದುಬಂದಿದೆ. ಮೇಲಿನ ಹಂತದಲ್ಲಿ ಜರಿಯಂಚಿನ ಬಟ್ಟೆ ತೊಟ್ಟ ಪಟ್ಟದ ಗೊಂಬೆಗಳು, ಅವುಗಳ ಕೆಳಗೆ ಗಣಪತಿ ಮತ್ತು ದಶಾವತಾರ, ಅದಕ್ಕೂ ಕೆಳಗೆ ಅಕ್ಕಿ ಬೇಳೆಗಳ ಪುಟ್ಟ ರಾಶಿಗಳ ಮುಂದೆ ಎಷ್ಟೋ ವರ್ಷಗಳಿಂದ ಒಂದು ಕಾಸಿನ ವ್ಯಾಪಾರವೂ ಇಲ್ಲದೆ ನಗುಮುಖದಿಂದ ಕುಳಿತಿರುವ ಶೆಟ್ಟಿ ದಂಪತಿ, ಎಲ್ಲಕ್ಕಿಂತ ಕೆಳಗೆ ತಟ್ಟೆಯಲ್ಲಿ ರಾಗಿ ಮೊಳೆಯಿಸಿ ಮಾಡಿದ ಹಸುರು ಉದ್ಯಾನ, ಈ ಕ್ರಮವು ಎಂದೂ ತಪ್ಪಿದುದಿಲ್ಲ. ಆ ಉದ್ಯಾನದ ಎಡಬದಿಯಲ್ಲಿ ದ್ವಾರಪಾಲಕನಂತೆ ನಿಂತಿರುವ ಕೆಂಪು ನೀಲಿ ಪ್ಲಾಸ್ಟಿಕ್ಕಿನ ಯಂತ್ರಮಾನವನನ್ನು ಕಂಡು ಅರಿಸಿನ ಕುಂಕುಮಕ್ಕೆ ಬಂದವರು ನಗುವುದುಂಟು. ಕಳೆದ ಸಲ ಬಂದ ನಮ್ಮ ಬೀದಿಯ ಹುಡುಗನೊಬ್ಬನು ಮಾತ್ರ ನಗಲಿಲ್ಲ, ಅದನ್ನು ಕೈಗೆತ್ತಿಕೊಂಡು ಹಿಂದು ಮುಂದು ತಿರುಗಿಸಿ ನೋಡಿ, “ಮೇಷ್ಟ್ರೇ, ಇದು ಒರಿಜಿನಲ್ಲಾ ಡೂಪ್ಲಿಕೇಟಾ?” ಎಂದು ಕೇಳಿದನು. “ಡೂಪ್ಲಿಕೇಟು ಕಣಪ್ಪ” ಎಂದೆ. “ಮತ್ಯಾಕೆ ಇಟ್ಕೊಂಡಿದೀರಾ?” ಎಂಬ ಅವನ ಎರಡನೆಯ ಪ್ರಶ್ನೆಗೆ, ನಲವತ್ತು ವರ್ಷ ಕನ್ನಡ ಪಾಠ ಹೇಳಿದವನಾದರೂ, ಒಂದು ವಾಕ್ಯದಲ್ಲಿ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಆ ಉತ್ತರವನ್ನು ಇಲ್ಲಿ ಸಾವಕಾಶವಾಗಿ ಹೇಳುತ್ತೇನೆ.

ಜಪಾನಿನ ಹಳೆಯ ಯಂತ್ರಮಾನವ ಆಟಿಕೆಗಳನ್ನು ಸಂಗ್ರಹಿಸುವ ಹವ್ಯಾಸವು ಪ್ರಪಂಚದ ನಾನಾ ಕಡೆ ಹಬ್ಬಿರುವ ವಿಷಯ ಅನೇಕರಿಗೆ ಗೊತ್ತಿರಬಹುದು. ಯೊಕೊಹಾಮಾ ನಗರದಲ್ಲಿ ಕಿತಾಹಾರ ತೆರುಹಿಸಾ ಎಂಬುವರು ತಮ್ಮ ಸಂಗ್ರಹದಿಂದ ೧೯೮೬ರಲ್ಲಿ ಒಂದು ತಗಡಿನ ಆಟಿಕೆಗಳ ವಸ್ತುಸಂಗ್ರಹಾಲಯವನ್ನೇ ತೆರೆದರು. ಹಳೆಯ ನಾಣ್ಯ, ಅಂಚೆಚೀಟಿಗಳಂತೆ ಇದೂ ಒಂದು ಎಂದು ಸುಮ್ಮನಾಗಬಹುದು. ಆದರೆ ಈ ಸಂಗ್ರಾಹಕರ ನಡುವೆಯೇ ಮತ್ತೊಂದು ವಿಲಕ್ಷಣ ಪಂಗಡವಿದ್ದು, ಅವರು ಮೂಲವನ್ನು ಬದಿಗಿಟ್ಟು ಹಾಂಗ್‌ಕಾಂಗಿನಲ್ಲಿ, ತೈವಾನಿನಲ್ಲಿ, ಕೊರಿಯಾದಲ್ಲಿ, ಮೆಕ್ಸಿಕೋದಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ತಯಾರಾದ ನಕಲುಗಳನ್ನೇ ಅರಸುತ್ತಾರೆ. ಜಪಾನೀಯರು ಇಂಥ ಮಾಲಿಗೆ ‘ಪಾಚಿಮೋನ್’ ಎನ್ನುವರು. ಇಂಗ್ಲಿಷಿನಲ್ಲಿ ಇದು ‘ಬೂಟ್‌ಲೆಗ್’. ಬೂಟಿನ ಕಾಲಿನೊಳಗೆ ಹೆಂಡದ ಸೀಸೆಯನ್ನು ಬಚ್ಚಿಟ್ಟು ಸಾಗಿಸುತ್ತಿದ್ದ ಕಾಲದ ಮಾತು. ನಮ್ಮ ಪೇಟೆಯಲ್ಲಿ ಇದಕ್ಕೆ ಹೆಸರುಗಳ ಬರವಿಲ್ಲ: ಡೂಪ್ಲಿಕೇಟು, ಲೋಕಲ್ಲು, ಚೈನಾ ಮಾಲು, ಸ್ವಲ್ಪ ಮರ್ಯಾದಸ್ಥನಾದರೆ ಫಸ್ಟ್ ಕಾಪಿ.

ನಮ್ಮ ಮನೆಯ ಯಂತ್ರಮಾನವನು ಬಂದದ್ದು ಸಿದ್ಧಗಂಗೆಯ ಜಾತ್ರೆಯಿಂದ. ಶಿವರಾತ್ರಿಯ ಸುಮಾರಿಗೆ ಮಠದ ಬಯಲಿನಲ್ಲಿ ನೆರೆಯುವ ಆ ಜಾತ್ರೆಯಲ್ಲಿ ಒಂದು ಕಡೆ ಜೋಡೆತ್ತುಗಳ ವ್ಯಾಪಾರ, ಇನ್ನೊಂದು ಕಡೆ ಕೃಷಿ ಕೈಗಾರಿಕೆಗಳ ವಸ್ತುಪ್ರದರ್ಶನ, ಇವೆರಡರ ನಡುವೆ ಬೆಂಡು ಬತ್ತಾಸು, ಬಳೆ, ಪೀಪಿ, ಬಲೂನುಗಳ ಸಾಲು. ಎಂಬತ್ತರ ದಶಕದ ಉತ್ತರಾರ್ಧದ ಒಂದು ಸಂಜೆ ಆ ಸಾಲಿನಲ್ಲಿ, ಪೆಟ್ರೋಮ್ಯಾಕ್ಸ್ ದೀಪದ ಕೆಳಗೆ, ನಾಲ್ಕು ಹೆಜ್ಜೆ ನಡೆದು ಗಕ್ಕನೆ ನಿಂತು ಸೊಂಟದ ಮೇಲಿನ ಮೈಯನ್ನು ಗಿರಗಿರನೆ ತಿರುಗಿಸಿ ಎದೆಯ ಕದ ತೆರೆದು ಕೆಂಪು ಬೆಳಕನ್ನು ಕಾರುತ್ತಿದ್ದ ಗೊಂಬೆಯೊಂದನ್ನು ಕಂಡು ನನ್ನ ಆರು ವರ್ಷದ ಮಗನು ನೆಲಕ್ಕೆ ಬೇರು ಬಿಟ್ಟವನಂತೆ ನಿಂತನು. “ಜಪಾನ್ ಮಾಲು ಸ್ವಾಮಿ, ೩೫ ರೂಪಾಯಿ. ಗ್ಯಾರಂಟಿ ಮಾತ್ರ ಕೇಳ್ಬೇಡಿ” ಎಂದ ವ್ಯಾಪಾರಿಯ ಮಾತಿನಲ್ಲಿ ಗ್ಯಾರಂಟಿಯ ವಿಷಯವಷ್ಟೇ ಸತ್ಯವೆಂಬುದು ಮೂರನೆಯ ದಿನ, ಎದೆಯ ಎಡಗದವು ತೆರೆಯಲೊಲ್ಲದೆ ಮುಷ್ಕರ ಹೂಡಿದಾಗ, ತಿಳಿಯಿತು.

ಮಗನ ಮೋಹಕ್ಕೆ ಕಾರಣವಿತ್ತು. ಆ ಕಾಲದಲ್ಲಿ ದೂರದರ್ಶನವು ‘ಜೈಂಟ್ ರೋಬೋಟ್’ ಎಂಬ ಧಾರಾವಾಹಿಯನ್ನು ಬಿತ್ತರಿಸಿತ್ತು. ಯೊಕೊಯಾಮಾ ಮಿತ್ಸುತೆರು ಎಂಬ ಚಿತ್ರಕಥೆಗಾರರ ಕಲ್ಪನೆಯನ್ನು ಆಧರಿಸಿ ಜಪಾನಿನ ತೋಯೆ ಸಂಸ್ಥೆಯವರು ೧೯೬೭-೬೮ರಲ್ಲಿ ೨೬ ಕಂತುಗಳಾಗಿ ನಿರ್ಮಿಸಿದ್ದ ಆ ಕಥೆಯು ನಮ್ಮ ಮನೆಗಳನ್ನು ತಲುಪುವ ವೇಳೆಗೆ ಸುಮಾರು ಎರಡು ದಶಕ ಹಳತಾಗಿತ್ತಾದರೂ, ಈಜಿಪ್ಟಿನ ದೊರೆಗಳ ಶಿರೋವೇಷ್ಟನವನ್ನು ಧರಿಸಿದಂತಿದ್ದ ಆ ಲೋಹದೈತ್ಯನೂ, ಕೈಗಡಿಯಾರಕ್ಕೆ ಬಾಯಿ ಹಚ್ಚಿ ಅವನಿಗೆ ಅಪ್ಪಣೆ ಕೊಡುತ್ತಿದ್ದ ಬಾಲಕನೂ, ಕಡೆಯ ಕಂತಿನಲ್ಲಿ ಅದೇ ದೈತ್ಯನು ಬಾಲಕನ ಅಪ್ಪಣೆಯನ್ನು ಮೀರಿ ಶತ್ರುವನ್ನು ಹೊತ್ತು ಅಂತರಿಕ್ಷಕ್ಕೆ ನೆಗೆದು ತನ್ನನ್ನೇ ಆಹುತಿಗೊಟ್ಟ ಪ್ರಸಂಗವೂ ಆ ತಲೆಮಾರಿನ ಮಕ್ಕಳಿಗೆ ಒಂದು ಪುರಾಣವೇ ಆಗಿ ಉಳಿಯಿತು.

ಗಡಿಯಾರದ ಆ ಉಪಾಯವು ತುಮಕೂರಿನ ಹುಡುಗರಿಗೆ ವಿಶೇಷವಾಗಿ ಹಿಡಿಸಿದುದರಲ್ಲಿ ವಿಚಿತ್ರವೇನಿಲ್ಲ. ಸಿಟಿಜನ್ ಎಂಬ ಜಪಾನೀ ಕಂಪನಿಯ ಸಹಯೋಗದಿಂದ ೧೯೬೧ರಲ್ಲಿ ಬೆಂಗಳೂರಿನಲ್ಲಿ ಮೊದಲಾದ ಎಚ್.ಎಂ.ಟಿ. ಕೈಗಡಿಯಾರದ ಉದ್ಯಮವು ಮುಂದೆ ನಮ್ಮೂರಿನಲ್ಲೂ ಕಾರ್ಖಾನೆ ತೆರೆದು, ಗಡಿಯಾರವೆಂಬುದು ಇಲ್ಲಿನ ಎಷ್ಟೋ ಮನೆಗಳ ಅನ್ನವಾಗಿತ್ತು, ಅಪ್ಪನ ಎಚ್.ಎಂ.ಟಿ.ಯನ್ನು ಕದ್ದು ಕಟ್ಟಿಕೊಂಡು ಮಹಡಿಯ ಮೇಲೆ ನಿಂತು ಆಕಾಶದಿಂದ ದೈತ್ಯನನ್ನು ಕರೆಯದ ಹುಡುಗರು ವಿರಳ. ಈಗ ಆ ಕಾರ್ಖಾನೆ ಮುಚ್ಚಿ ಅದರ ನೆಲವು ಇಸ್ರೋ ಸಂಸ್ಥೆಯ ಪಾಲಾಗಿದೆ. ನಾನು ಯೋಚಿಸುವುದುಂಟು: ಒಂದೇ ಜಪಾನಿನಿಂದ ನಮ್ಮೂರಿಗೆ ಎರಡು ವಸ್ತುಗಳು ಬಂದವು. ಗಡಿಯಾರವು ರುಜು ಮೊಹರುಗಳುಳ್ಳ ಒಪ್ಪಂದದ ರಾಜಮಾರ್ಗದಲ್ಲಿ ಬಂತು. ಯಂತ್ರಮಾನವನು ಕಾಲುದಾರಿಯಲ್ಲಿ ಬಂದನು. ರಾಜಮಾರ್ಗದಲ್ಲಿ ಬಂದುದಕ್ಕೂ ಕಾಲುದಾರಿಯ ಸಂತಾನ ತಪ್ಪಲಿಲ್ಲವೆನ್ನಿ, ಹಳೆಯ ಎಚ್.ಎಂ.ಟಿ. ಯಂತ್ರಕ್ಕೆ ಬಣ್ಣಬಣ್ಣದ ಹೊಸ ಮುಖಗಳನ್ನು ಅಂಟಿಸಿ ಮಾರುವ ವ್ಯಾಪಾರ ಇಂದು ಮುಂಬಯಿಯಲ್ಲಿ ಭರದಿಂದ ಸಾಗಿದೆ.

ಗೊಂಬೆಯನ್ನು ಹತ್ತಿರದಿಂದ ನೋಡೋಣ. ಎತ್ತರ ೨೪೦ ಮಿಲಿಮೀಟರು. ಮೈ ಪಾಲಿಸ್ಟೈರೀನ್ ಜಾತಿಯ ಪ್ಲಾಸ್ಟಿಕ್ಕು. ಉಗುರಿನಿಂದ ಬಡಿದರೆ ಟಣ್ಣೆನ್ನುವುದು, ಕೈಜಾರಿ ಬಿದ್ದರೆ ಬಳೆಯಂತೆ ಒಡೆಯುವುದು. ಹೊಟ್ಟೆಯಲ್ಲಿ ಎರಡು ಸೆಲ್ಲು, ಎದೆಗೂಡಿನಲ್ಲಿ ಒಂದು ಬಲ್ಬು, ಅದರ ಎರಡೂ ಪಕ್ಕದಲ್ಲಿ ಬಂದೂಕಿನ ನಳಿಗೆಗಳು. ಎದೆಯ ಕೆಳಗೆ ಗಡಿಯಾರದ ಮುಳ್ಳುಗಳಂತಹ ಚಿತ್ರವಿರುವ ಕಾಗದದ ಚೀಟಿಯನ್ನು ಓರೆಯಾಗಿ ಅಂಟಿಸಿದ್ದಾರೆ. ಬೆನ್ನಿನ ಮೇಲೆ ‘ಮೇಡ್ ಇನ್’ ಎಂಬ ಇಂಗ್ಲಿಷ್ ಪದಗಳೆರಡು ಉಬ್ಬಿ ನಿಂತಿವೆ. ಮೂರನೆಯ ಪದ, ಅಂದರೆ ದೇಶದ ಹೆಸರು, ಇರಬೇಕಾದ ಜಾಗದಲ್ಲಿ ಅಚ್ಚನ್ನು ಉಜ್ಜಿ ತೆಗೆದುದರ ಗುರುತಾಗಿ ಒಂದು ಒರಟು ಉಬ್ಬು. ಎಲ್ಲಿಯೂ ಮಾಡಲ್ಪಡದ ಗೊಂಬೆ! ಇನ್ನು ಶರೀರಲಕ್ಷಣವನ್ನು ವಿಚಾರಿಸಿದರೆ, ಮುಂಡವು ಒಂದು ವಂಶದ್ದು, ಎರಡು ಕೊಂಬುಗಳುಳ್ಳ ತಲೆಯು ಮತ್ತೊಂದು ವಂಶದ್ದು. ಇದರಿಂದ ನಾವು ಗಾಬರಿಪಡಬೇಕಾದುದಿಲ್ಲ. ಎರಡು ಹಂತ ಮೇಲೆ ಗಣಪತಿಯೇ ಕುಳಿತಿದ್ದಾನೆ.

ಮುಂಡದ ವಂಶವನ್ನು ಮೊದಲು ಹೇಳಬೇಕು. ಎರಡನೆಯ ಮಹಾಯುದ್ಧದಲ್ಲಿ ಸೋತು ಸುಣ್ಣವಾದ ಜಪಾನಿನಲ್ಲಿ, ೧೯೪೫ರ ಡಿಸೆಂಬರಿನಲ್ಲಿ, ಕೊಸುಗೆ ಮಾತ್ಸುಜೋ ಎಂಬಾತನು ಅಮೆರಿಕದ ಸೈನಿಕರು ತಿಂದು ಬಿಸಾಡಿದ ಡಬ್ಬಿಗಳ ತಗಡಿನಿಂದ ಪುಟ್ಟ ಜೀಪುಗಳನ್ನು ಮಾಡಿ ಕ್ಯೋಟೋ ನಗರದ ಅಂಗಡಿಯೊಂದರಲ್ಲಿ ೧೦ ಯೆನ್ನಿಗೊಂದರಂತೆ ಮಾರಿಸಿದನು. ತಮ್ಮನ್ನು ಗೆದ್ದವರ ವಾಹನವನ್ನೇ ಗೆದ್ದವರ ಕಸದಿಂದ ನಕಲು ಮಾಡಿದ ಈ ಚಮತ್ಕಾರದಿಂದ ಅಲ್ಲಿನ ಯುದ್ಧೋತ್ತರ ಆಟಿಕೆಯ ಉದ್ಯಮವು ಮತ್ತೆ ಚಿಗುರಿತು. ತಗಡಿನ ಕಾರು, ಹಡಗು, ವಿಮಾನಗಳ ಹಿಂದೆಯೇ ಯಂತ್ರಮಾನವರು ಬಂದರು. ನೊಮುರಾ, ಮಾಸುದಾಯ, ಯೊನೆಜಾವಾ, ಹೊರಿಕಾವಾ ಮುಂತಾದ ಸಂಸ್ಥೆಗಳು ಲಕ್ಷ್ಯವಿಟ್ಟದ್ದು ಅಮೆರಿಕದ ಮಾರುಕಟ್ಟೆಯ ಮೇಲೆ. ಇವರಲ್ಲಿ ಹೊರಿಕಾವಾದವರು ಅರವತ್ತರ ದಶಕದಲ್ಲಿ ಎದೆಯ ಕದ ತೆರೆದು ಬಂದೂಕು ತೋರಿಸುವ, ಸೊಂಟದಿಂದ ಮೇಲೆ ಸುತ್ತುವ ಬಗೆಯ ಯಂತ್ರಮಾನವರನ್ನು ಹೊರತಂದರು. ಆ ಚಲನೆಯ ಕ್ರಮ ಎಷ್ಟು ಸರಳವೂ ಎಷ್ಟು ನಾಟಕೀಯವೂ ಆಗಿತ್ತೆಂದರೆ, ಒಂದು ಮೋಟಾರು ಮತ್ತು ನಾಲ್ಕಾರು ಹಲ್ಲುಗಾಲಿಗಳಿಂದ ಅಭಿನಯವಾಗುವ ಆ ನಡೆ, ನಿಲುಗಡೆ, ಪ್ರದಕ್ಷಿಣೆ, ಗುಂಡಿನ ಮಳೆ, ಇದನ್ನು ತಗಡು ಹೋಗಿ ಪ್ಲಾಸ್ಟಿಕ್ಕು ಬಂದ ಮೇಲೂ ಯಾರೂ ಬಿಡಲಿಲ್ಲ. ಗುಬ್ಬಿಯ ಚನ್ನಬಸವೇಶ್ವರ ಜಾತ್ರೆಯಲ್ಲಿ ಇಂದಿಗೂ ನೀವು ಕೊಳ್ಳುವ ರೋಬೋಟು ಎದೆ ತೆರೆದರೆ ಅದು ಹೊರಿಕಾವಾ ಮನೆತನದ ಎಷ್ಟನೆಯದೋ ತಲೆಮಾರಿನ ಮರಿಮಗನೆಂದು ತಿಳಿಯತಕ್ಕದ್ದು.

ಮೂಲವೆಂದು ನಾವು ಪೂಜಿಸುವ ಜಪಾನಿನವರೂ ಈ ವಿಷಯದಲ್ಲಿ ತುಳಸಿಯಷ್ಟು ಶುದ್ಧರಲ್ಲ. ೧೯೫೬ರಲ್ಲಿ ಅಮೆರಿಕದಲ್ಲಿ ‘ಫರ್ಬಿಡನ್ ಪ್ಲಾನೆಟ್’ ಎಂಬ ಚಿತ್ರ ತೆರೆಕಂಡು ಅದರ ರಾಬಿ ಎಂಬ ಯಂತ್ರಮಾನವನು ಜನಪ್ರಿಯನಾದೊಡನೆ ನೊಮುರಾದವರು ಹೊರತಂದ ಗೊಂಬೆಯು, ಪಾರದರ್ಶಕ ಬುರುಡೆಯೊಳಗೆ ಮೇಲಕ್ಕೂ ಕೆಳಕ್ಕೂ ಆಡುವ ಕೊಳವೆಗಳ ಸಹಿತ, ನಖಶಿಖಾಂತ ರಾಬಿಯೇ ಆಗಿತ್ತು. ಪೆಟ್ಟಿಗೆಯ ಮೇಲೆ ಮಾತ್ರ ‘ಯಾಂತ್ರಿಕ ರೋಬೋಟ್’ ಎಂಬರ್ಥದ ನಿರಪಾಯವಾದ ಹೆಸರು. ಇಂದು ಆ ಗೊಂಬೆ ತಗಡಿನ ಆಟಿಕೆಗಳ ಪೈಕಿ ಅತ್ಯಂತ ಬೆಲೆಬಾಳುವ ‘ಮೂಲ’ಗಳಲ್ಲೊಂದು. ಕಳವಿನ ವಸ್ತುವಿಗೆ ಮೂವತ್ತು ನಲವತ್ತು ವರ್ಷ ಕಳೆದರೆ ಅದಕ್ಕೇ ಪಾರಂಪರ್ಯದ ಗಂಧ ಹತ್ತುವುದೆಂದು ತೋರುತ್ತದೆ.

ತಲೆಯ ವಂಶ ಬೇರೆ. ನಗಾಯ್ ಗೋ ಎಂಬ ಚಿತ್ರಕಥೆಗಾರರು ೧೯೭೨ರಲ್ಲಿ ‘ಮಜಿಂಗರ್ ಝಡ್’ ಎಂಬ ಕಥೆಯನ್ನು ಬರೆದರು. ಅದೇ ವರ್ಷದ ಡಿಸೆಂಬರಿನಲ್ಲಿ ಅದು ಟೆಲಿವಿಷನ್ನಿಗೂ ಬಂತು. ಅದುವರೆಗೆ ಯಂತ್ರದೈತ್ಯನನ್ನು ದೂರದಿಂದ ಆಡಿಸುತ್ತಿದ್ದ ಬಾಲಕನು ಈ ಕಥೆಯಲ್ಲಿ ದೈತ್ಯನ ತಲೆಯೊಳಗೇ ಹೊಕ್ಕು, ಮಾವುತನಂತೆ ಕುಳಿತು ನಡೆಸುವವನಾದನು. ದೈತ್ಯನ ಮುಷ್ಟಿಯು ತೋಳಿನಿಂದ ಬೇರ್ಪಟ್ಟು ಹಾರಿ ಹೋಗಿ ಶತ್ರುವನ್ನು ಗುದ್ದುತ್ತಿತ್ತು. ಆಟಿಕೆಗಾರರಿಗೆ ಇದಕ್ಕಿಂತ ದೊಡ್ಡ ವರ ಯಾವುದು? ಬಂದಾಯ್ ಸಂಸ್ಥೆಯ ಅಂಗವಾಗಿ ೧೯೭೧ರಲ್ಲಿ ಹುಟ್ಟಿದ್ದ ಪೋಪಿ ಎಂಬ ಕಂಪನಿಯು ೧೯೭೩ರಲ್ಲಿ ಸುಮಾರು ಎರಡಡಿ ಎತ್ತರದ, ಶಾಂಪೂ ಸೀಸೆಗಳನ್ನು ಮಾಡುವ ಪಾಲಿಥೀನಿನಲ್ಲಿಯೇ ಊದಿ ಮಾಡಿದ ಮಜಿಂಗರನನ್ನು ಮಾರಾಟಕ್ಕಿಟ್ಟಿತು. ಮರುವರ್ಷ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಗೇಣಿಗಿಂತ ಚಿಕ್ಕದಾದ ಗೊಂಬೆ ಬಂತು. ಕಥೆಯಲ್ಲಿ ಮಜಿಂಗರನ ಮೈ ‘ಚೋಗೋಕಿನ್’, ಅಂದರೆ ಮಹಾಮಿಶ್ರಲೋಹದಿಂದ ಆದುದು. ಆಟಿಕೆಗೂ ಅದೇ ಹೆಸರಿಟ್ಟರು. ಕೈಯಲ್ಲಿ ಹಿಡಿದಾಗ ತಣ್ಣಗೆ, ತೂಕವಾಗಿ ಕೂಡುವ ಆ ಅನುಭವವೇ ಅದರ ಅರ್ಧ ಯಶಸ್ಸು.

ಆಮೇಲೆ ಪ್ರವಾಹ. ೧೯೭೮ರಲ್ಲಿ ಇಟಲಿಯಲ್ಲಿಯೂ ಫ್ರಾನ್ಸಿನಲ್ಲಿಯೂ ಮಜಿಂಗರನ ದಾಯಾದಿಯಾದ ಗ್ರೆಂಡೈಸರನ ಧಾರಾವಾಹಿ ಮಕ್ಕಳನ್ನು ಹುಚ್ಚು ಹಿಡಿಸಿತು. ಅಮೆರಿಕದಲ್ಲಿ ಮ್ಯಾಟೆಲ್ ಕಂಪನಿಯವರು ಜಪಾನಿನ ಈ ದೈತ್ಯರನ್ನೇ ‘ಶೋಗನ್ ವಾರಿಯರ್ಸ್’ ಎಂಬ ಹೆಸರಿನಲ್ಲಿ ಮಾರಿದರು. ೧೯೮೪ರಲ್ಲಿ ಟಾಕಾರಾ ಎಂಬ ಕಂಪನಿಯ, ಲಾರಿ, ಟೇಪ್ ರೆಕಾರ್ಡರುಗಳಾಗಿ ಮಾರ್ಪಡುವ ಆಟಿಕೆಗಳನ್ನು ಹ್ಯಾಸ್‌ಬ್ರೋ ಕಂಪನಿಯು ‘ಟ್ರಾನ್ಸ್‌ಫಾರ್ಮರ್ಸ್’ ಮಾಡಿತು. ಅಧಿಕೃತವಾದ ಪ್ರತಿಯೊಂದು ಗೊಂಬೆಗೂ ನೆರಳಿನಂತೆ ಅನಧಿಕೃತ ಗೊಂಬೆಗಳು ಹಿಂಬಾಲಿಸಿದವು. ಇವುಗಳ ನಡುವೆ ಕೊರಿಯಾದ ಕಥೆ ಬಹು ಸ್ವಾರಸ್ಯವಾದುದು. ೧೯೭೬ರಲ್ಲಿ ಅಲ್ಲಿ ತೆರೆಕಂಡ ‘ರೋಬೋಟ್ ಟೇಕ್ವಾನ್ ವಿ’ ಎಂಬ ಚಿತ್ರದ ನಾಯಕನನ್ನು ನೋಡಿದವರು ಅವನು ಮಜಿಂಗರನ ತಮ್ಮನೆನ್ನದೆ ಇರಲಾರರು. ಆದರೂ ತನ್ನ ನಾಡಿನ ಕಾಳಗದ ವಿದ್ಯೆಯನ್ನು ಆಡುವ ಅವನು ಕೊರಿಯಾದ ಮಕ್ಕಳ ರಾಷ್ಟ್ರೀಯ ವೀರನಾದನು. ಮುಂದೆ ಟೇಕ್ವಾನನ ಗೊಂಬೆಗಳನ್ನು ಅಪ್ಪಣೆಯಿಲ್ಲದೆ ಮಾರಿದ ವರ್ತಕರ ಮೇಲೆ ದಾವೆ ಬಿದ್ದಾಗ, ಅವರು ‘ಇವನೇ ಮಜಿಂಗರನ ನಕಲು, ನಕಲಿನ ನಕಲಿಗೆ ಅಪರಾಧವೆಲ್ಲಿಯದು?’ ಎಂದು ವಾದಿಸಿದರು. ತರ್ಕಶಾಸ್ತ್ರದ ಪಾಠಕ್ಕೆ ಯೋಗ್ಯವಾದ ಈ ವಾದವನ್ನು ಸೋಲ್ ನಗರದ ನ್ಯಾಯಾಲಯವು ೨೦೧೮ರಲ್ಲಿ ತಳ್ಳಿಹಾಕಿ, ಟೇಕ್ವಾನನು ಸ್ವತಂತ್ರ ಸೃಷ್ಟಿಯೇ ಎಂದು ತೀರ್ಪಿತ್ತಿತು.

ನಕಲು ಹೇಗೆ ಆಗುತ್ತದೆ ಎಂಬುದು ನನಗೆ ಈ ವಿಷಯದಲ್ಲೆಲ್ಲ ಅತ್ಯಂತ ಪ್ರಿಯವಾದ ಭಾಗವಾದ್ದರಿಂದ ಸ್ವಲ್ಪ ವಿಸ್ತರಿಸಲು ಓದುಗರು ಅನುಮತಿಸಬೇಕು. ಮೂಲ ತಯಾರಕನು ಮೊದಲು ನಕ್ಷೆ ಬರೆಯುತ್ತಾನೆ, ಮಾದರಿ ಕೆತ್ತಿಸುತ್ತಾನೆ, ಆ ಮೇಲೆ ಉಕ್ಕಿನ ಅಚ್ಚನ್ನು ಕೊರೆಯಿಸುತ್ತಾನೆ. ಕಾದ ಪ್ಲಾಸ್ಟಿಕ್ಕು ಅಚ್ಚಿನೊಳಗೆ ಆರುವಾಗ ಕುಗ್ಗುವುದೆಂಬುದು ಅವನಿಗೆ ಗೊತ್ತು; ಆದಕಾರಣ ಅಚ್ಚನ್ನು ಆ ಪ್ರಮಾಣಕ್ಕೆ ತಕ್ಕಷ್ಟು ದೊಡ್ಡದಾಗಿಯೇ ಮಾಡಿಸುತ್ತಾನೆ. ಪಾಲಿಸ್ಟೈರೀನಾದರೆ ಈ ಕುಗ್ಗುವಿಕೆ ಸುಮಾರು ನೂರಕ್ಕೆ ಅರ್ಧ ಭಾಗ. ಪಾಲಿಥೀನಾದರೆ ಎರಡು ಮೂರು ಭಾಗವೂ ಆದೀತು. ನಕಲುಗಾರನ ಬಳಿ ನಕ್ಷೆಯಿಲ್ಲ, ಮಾದರಿಯಿಲ್ಲ. ಅಂಗಡಿಯಿಂದ ಕೊಂಡು ತಂದ ಒಂದು ಗೊಂಬೆಯಿದೆ. ಅವನು ಅದನ್ನು ಬಿಚ್ಚಿ, ಬಿಡಿಭಾಗಗಳ ಮೇಲೆಯೇ ಅಚ್ಚು ತೆಗೆದು, ಆ ಅಚ್ಚಿನಲ್ಲಿ ಪ್ಲಾಸ್ಟಿಕ್ಕು ಹೊಯ್ಯುತ್ತಾನೆ. ಈಗಾಗಲೇ ಕುಗ್ಗಿದ್ದ ಗೊಂಬೆಯ ಪ್ರತಿಯು ಮತ್ತೊಮ್ಮೆ ಕುಗ್ಗುತ್ತದೆ. ಆ ಪ್ರತಿಯಿಂದ ಇನ್ನೊಬ್ಬನು ಅಚ್ಚು ತೆಗೆದರೆ ಇನ್ನಷ್ಟು. ಹೀಗೆ ನಕಲಿನ ತಲೆಮಾರನ್ನು ಅಳತೆಪಟ್ಟಿಯಿಂದ ಎಣಿಸಬಹುದು. ವಂಶ ಇಳಿದಂತೆ ದೈತ್ಯನು ಕುಳ್ಳನಾಗುವನು.

ಕುಗ್ಗುವುದಷ್ಟೇ ಅಲ್ಲ. ಲೋಹದ ಕೀಲು ದುಬಾರಿಯೆಂದು ಅಲ್ಲಿ ಪ್ಲಾಸ್ಟಿಕ್ ಗೂಟ ಬರುತ್ತದೆ. ಹಾರುವ ಮುಷ್ಟಿಯ ಸ್ಪ್ರಿಂಗು ಹೋಗಿ ಮುಷ್ಟಿ ತೋಳಿಗೆ ಅಂಟಿಕೊಳ್ಳುತ್ತದೆ. ಸೂಕ್ಷ್ಮವಾದ ಗೆರೆಗಳು ಮಂಕಾಗಿ, ಮೂಗಿನ ತುದಿ ಕರಗಿದ ಮೇಣದಂತಾಗುತ್ತದೆ. ಒಂದು ಗೊಂಬೆಯ ತಲೆ ಮುರಿದಿದ್ದರೆ ಇನ್ನೊಂದರಿಂದ ತಂದು ಕೂಡಿಸುತ್ತಾರೆ. ಪೆಟ್ಟಿಗೆಯ ಮೇಲಿನ ಚಿತ್ರ ಮೂರನೆಯ ಧಾರಾವಾಹಿಯದು, ಹೆಸರು ನಾಲ್ಕನೆಯದು, ಇಂಗ್ಲಿಷ್ ಕಾಗುಣಿತ ಯಾವ ಭಾಷೆಯದೂ ಅಲ್ಲ.

ಇದನ್ನೆಲ್ಲ ನೋಡುತ್ತ ನೋಡುತ್ತ ನನಗೆ ನೆನಪಾಗುವುದು ಆಟಿಕೆಯ ಅಂಗಡಿಯಲ್ಲ, ಓಲೆಗರಿಯ ಕಟ್ಟು. ನಮ್ಮ ಹಳಗನ್ನಡ ಕಾವ್ಯಗಳಲ್ಲಿ ಕವಿಯೇ ಕೈಯಾರ ಬರೆದ ಪ್ರತಿಯೆಂಬುದು ನಮಗೆ ದೊರೆತಿಲ್ಲ. ದೊರೆತಿರುವುದೆಲ್ಲ ಲಿಪಿಕಾರರು ಪ್ರತಿಯಿಂದ ಪ್ರತಿಗೆ ಇಳಿಸಿದ ನಕಲಿನ ನಕಲುಗಳು. ಕಣ್ತಪ್ಪಿನಿಂದ ಒಂದು ಸಾಲು ಬಿಡುವುದು, ಅರ್ಥವಾಗದ ಪದಕ್ಕೆ ತನಗೆ ತಿಳಿದ ಪದವನ್ನು ಹಾಕುವುದು, ಇಂಥ ಪ್ರಮಾದಗಳನ್ನು ಗ್ರಂಥಸಂಪಾದಕನು ಶಪಿಸುವುದಿಲ್ಲ. ಎರಡು ಪ್ರತಿಗಳಲ್ಲಿ ಒಂದೇ ವಿಚಿತ್ರವಾದ ತಪ್ಪು ಕಂಡರೆ ಅವೆರಡೂ ಒಂದೇ ಮಾತೃಕೆಯ ಮಕ್ಕಳೆಂದು ಊಹಿಸಿ, ತಪ್ಪುಗಳ ಸಹಾಯದಿಂದಲೇ ವಂಶವೃಕ್ಷವನ್ನು ಬರೆಯುತ್ತಾನೆ. ಡಿ. ಎಲ್. ನರಸಿಂಹಾಚಾರ್ಯರು ೧೯೬೪ರಲ್ಲಿ ಪ್ರಕಟಿಸಿದ ‘ಕನ್ನಡ ಗ್ರಂಥ ಸಂಪಾದನೆ’ಯು ಈ ವಿದ್ಯೆಯನ್ನು ನಮ್ಮ ತಲೆಮಾರಿಗೆ ಕಲಿಸಿದ ಗ್ರಂಥ. ಪ್ಲಾಸ್ಟಿಕ್ ಗೊಂಬೆಗಳಿಗೆ ತಮ್ಮ ಪದ್ಧತಿಯನ್ನು ಅನ್ವಯಿಸುವ ಶಿಷ್ಯನೊಬ್ಬನು ಹುಟ್ಟಿಯಾನೆಂದು ಆಚಾರ್ಯರು ನಿರೀಕ್ಷಿಸಿದ್ದಿರಲಾರರು. ಆದರೆ ನಕಲುಗಳ ಸಂಗ್ರಾಹಕನು ಮಾಡುವುದು ಅಕ್ಷರಶಃ ಅದನ್ನೇ. ಮೂಲವು ಒಂದೇ, ಅದು ಯಾವಾಗಲೂ ತನ್ನಂತೆಯೇ ಇರುವುದು, ಪಾಠಾಂತರಗಳಿಗೆ ಕೊನೆಯಿಲ್ಲ.

ವ್ಯಾಕರಣದಲ್ಲೂ ಇದೇ ಕಥೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು. ಸಂಸ್ಕೃತದ ವರ್ಣವು ಕನ್ನಡದ ಬಾಯಲ್ಲಿ ಬಣ್ಣವಾಯಿತು, ರಾಕ್ಷಸನು ರಕ್ಕಸನಾದನು, ಇಂಥವೇ ತದ್ಭವಗಳು. ರಕ್ಕಸನನ್ನು ‘ಡೂಪ್ಲಿಕೇಟ್ ರಾಕ್ಷಸ’ ಎಂದು ಯಾರೂ ಕರೆಯುವುದಿಲ್ಲ. ಅಜ್ಜಿಯ ಕಥೆಯಲ್ಲಿ ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣವಿಟ್ಟುಕೊಂಡಿರುವವನು ರಾಕ್ಷಸನಲ್ಲ, ರಕ್ಕಸನೇ.

ನಮ್ಮ ದೇಶಕ್ಕೆ ಈ ತದ್ಭವ ಗೊಂಬೆಗಳೇ ಹೆಚ್ಚಾಗಿ ಬಂದುದಕ್ಕೆ ಅರ್ಥಶಾಸ್ತ್ರದ ಕಾರಣವೂ ಉಂಟು. ೨೦೦೧ರ ಏಪ್ರಿಲಿನಲ್ಲಿ ಆಮದಿನ ಪರಿಮಾಣದ ಮೇಲಿನ ಕಡೆಯ ನಿರ್ಬಂಧಗಳು ತೆರವಾಗುವವರೆಗೆ, ಪರದೇಶದ ಆಟಿಕೆಯನ್ನು ರಾಜಾರೋಷವಾಗಿ ತರಿಸುವುದು ಸುಲಭದ ಮಾತಾಗಿರಲಿಲ್ಲ. ಗಲ್ಫಿನಿಂದ ಬರುವ ನೆಂಟರ ಪೆಟ್ಟಿಗೆ ಮತ್ತು ಬರ್ಮಾ ಬಜಾರಿನಂತಹ ಪೇಟೆಗಳೇ ಮಾರ್ಗ. ನಿರ್ಬಂಧ ತೆರವಾದ ಮೇಲೆ ಚೀನಾದ ಮಾಲು ಮಹಾಪೂರವಾಗಿ ಬಂತು. ೨೦೦೯ರ ಜನವರಿಯಲ್ಲಿ ಸರ್ಕಾರವು ಚೀನಾದ ಆಟಿಕೆಗಳನ್ನು ಕೆಲಕಾಲ ನಿಷೇಧಿಸಿತು. ೨೦೨೦ರಲ್ಲಿ ಆಮದು ಸುಂಕವನ್ನು ನೂರಕ್ಕೆ ೨೦ರಿಂದ ೬೦ಕ್ಕೆ, ೨೦೨೩ರಲ್ಲಿ ೭೦ಕ್ಕೆ ಏರಿಸಿತು. ೨೦೨೧ರ ಜನವರಿ ೧ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಮಕ್ಕಳ ಆರೋಗ್ಯದ ದೃಷ್ಟಿಯಿಂದ ಇದು ಒಳ್ಳೆಯದೇ. ಹಳೆಯ ಅನಾಮಧೇಯ ಗೊಂಬೆಗಳ ಬಣ್ಣದಲ್ಲಿ ಸೀಸ ಇರಬಹುದು, ಬಿಡಿಭಾಗಗಳು ಗಂಟಲಿಗೆ ಸಿಕ್ಕಬಹುದು. ನಮ್ಮ ಮನೆಯವನನ್ನು ಮಕ್ಕಳು ನೋಡಬಹುದೇ ಹೊರತು ಬಾಯಿಗಿಡಕೂಡದೆಂದು ನನ್ನ ಹೆಂಡತಿಯ ಕಟ್ಟಪ್ಪಣೆಯಿದೆ.

ಈ ಹವ್ಯಾಸಕ್ಕೆ ಇಳಿಯುವವರಿಗೆ ನಾನು ಹೇಳಬಲ್ಲ ಬುದ್ಧಿಮಾತು ಅಲ್ಪವೇ. ಗೊಂಬೆಯನ್ನು ಮೊದಲು ಕೈಯಲ್ಲಿ ತೂಗಿ ನೋಡಬೇಕು. ಲೋಹವಿರಬೇಕಾದಲ್ಲಿ ಪ್ಲಾಸ್ಟಿಕ್ಕಿದ್ದರೆ ತೂಕವೇ ಹೇಳಿಬಿಡುತ್ತದೆ. ಅಚ್ಚಿನ ಎರಡು ಹೋಳುಗಳು ಕೂಡುವ ಗೆರೆ ಮೈಮೇಲೆ ದಪ್ಪವಾಗಿ ಓಡುತ್ತಿದೆಯೆ, ಸ್ಕ್ರೂಗಳು ಎಲ್ಲಿವೆ, ಬೆನ್ನಿನ ಬರಹವನ್ನು ಉಜ್ಜಿದ್ದಾರೆಯೆ ಎಂಬುದನ್ನು ಆಮೇಲೆ ನೋಡುವುದು. ಮನೆಗೆ ತಂದೊಡನೆ ಸೆಲ್ಲುಗಳನ್ನು ಹೊರತೆಗೆಯಬೇಕು. ಒಳಗೇ ಬಿಟ್ಟರೆ ರಸ ಸೋರಿ ತಗಡಿನ ಪಟ್ಟಿಗಳನ್ನು ತಿಂದುಹಾಕುತ್ತದೆ. ಬಿಸಿಲಿಗಿಟ್ಟರೆ ಬಿಳಿ ಪ್ಲಾಸ್ಟಿಕ್ಕು ಅರಿಸಿನಬಣ್ಣಕ್ಕೆ ತಿರುಗುತ್ತದೆ. ಬೆಂಗಳೂರಿನ ಚಿಕ್ಕಪೇಟೆಯ ಸುತ್ತಣ ಭಾನುವಾರದ ಸಂತೆಯಲ್ಲಿ ಬೆಳಗ್ಗೆ ಬೇಗ ಹೋದವರಿಗೆ ಹಳೆಯ ರೇಡಿಯೋ, ಚಪ್ಪಲಿ, ಚಾರ್ಜರುಗಳ ರಾಶಿಯಲ್ಲಿ ಒಂದು ತೋಳಿಲ್ಲದ ವೀರನು ಸಿಕ್ಕಿದರೂ ಸಿಕ್ಕಿಯಾನು. ನಕಲನ್ನು ನಕಲೆಂದೇ ಹೇಳಿ ಕೊಡುವುದು, ಕೊಳ್ಳುವುದು ಈ ವಲಯದ ಮರ್ಯಾದೆ. ಮೂಲವೆಂದು ಹೇಳಿ ಮಾರಿದರೆ ಅದು ಮೋಸ.

ಚನ್ನಪಟ್ಟಣದ ಮಾತನ್ನೂ ಇಲ್ಲಿ ಎತ್ತಬೇಕಾಗುತ್ತದೆ. ಅಲ್ಲಿನ ಅರಗಿನ ಗೊಂಬೆಗಳ ಕಸುಬಿಗೆ ಹೊಸ ಜೀವ ತುಂಬಿದವರೆಂದು ಹೆಸರಾದ ಬವಾಸ್ ಮಿಯಾನರು ಜಪಾನೀ ಕ್ರಮವನ್ನು ನೋಡಿ ಅಳವಡಿಸಿಕೊಂಡರೆಂದು ಊರವರು ಹೇಳಿಕೊಂಡು ಬಂದಿದ್ದಾರೆ. ಆ ಗೊಂಬೆಗಳಿಗೆ ೨೦೦೫-೦೬ರ ಸಾಲಿನಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅವುಗಳ ಅಗ್ಗದ ನಕಲುಗಳು ಚೀನಾದಿಂದ ಬಂದುದುಂಟು. ಆಲೆಮರದ ಗಿಲಕಿಯೊಂದು ಕೈಕಸುಬಿನವನ ತಟ್ಟೆಯ ಅನ್ನ. ಅದರ ನಕಲನ್ನು ನಾನು ಸಂಗ್ರಹಿಸಲಾರೆ. ನನ್ನ ನಿಲುವಿನಲ್ಲಿ ವಿರೋಧಾಭಾಸವಿದೆಯೆಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಪೋಪಿ ಕಂಪನಿಗಾದ ನಷ್ಟಕ್ಕೆ ನನ್ನ ಕಣ್ಣಲ್ಲಿ ಅಷ್ಟು ನೀರು ಬರುವುದಿಲ್ಲ.

ಎರಡು ವರ್ಷದ ಕೆಳಗೆ ಕುಣಿಗಲ್ಲಿಗೆ ಮದುವೆಗೆಂದು ಹೋದವನು, ಮುಹೂರ್ತಕ್ಕೆ ಇನ್ನೂ ಸಮಯವಿದ್ದುದರಿಂದ ಪೇಟೆಬೀದಿಯಲ್ಲಿ ಸುತ್ತಾಡುತ್ತ ಒಂದು ಗುಜರಿ ಅಂಗಡಿಯ ಮುಂದೆ ನಿಂತೆ. ಒಡೆದ ಬಕೆಟ್ಟು, ಪೈಪು, ಕುರ್ಚಿಗಳ ಗುಡ್ಡೆಯೊಳಗಿಂದ ಎರಡು ಕೊಂಬು ಹೊರಗೆ ಚಾಚಿದ್ದವು. ಎಳೆದೆ. ನಮ್ಮವನೇ! ಬಣ್ಣ ಮಾತ್ರ ಹಸುರು. ಎದೆಯ ಕದಗಳು ತೆರೆಯುವಂತಿರಲಿಲ್ಲ, ಕದದ ಆಕಾರವನ್ನು ಮೈಮೇಲೆಯೇ ಗೆರೆಯಾಗಿ ಮೂಡಿಸಿದ್ದರು. “ತೂಕಕ್ಕೆ ಹಾಕ್ಲಾ ಸಾರ್, ಹಂಗೇ ಕೊಟ್ಬಿಡ್ಲಾ?” ಎಂದರು ಅಂಗಡಿಯವರು. ಹತ್ತು ರೂಪಾಯಿ ಕೊಟ್ಟು, ರೇಷ್ಮೆ ಪಂಚೆಯ ಮಡಿಲಲ್ಲಿ ಅದನ್ನು ಮುಚ್ಚಿಕೊಂಡು ಛತ್ರಕ್ಕೆ ಹಿಂದಿರುಗಿದೆ. ಮನೆಗೆ ಬಂದು ತೊಳೆದು ಪಕ್ಕಪಕ್ಕದಲ್ಲಿ ನಿಲ್ಲಿಸಿ ಅಳೆದರೆ ಹಸುರಿನವನು ನಮ್ಮವನಿಗಿಂತ ಎರಡೂವರೆ ಮಿಲಿಮೀಟರು ಕುಳ್ಳ. ಲೆಕ್ಕ ಹಾಕಿದರೆ ಎರಡು ತಲೆಮಾರು. ಬೆನ್ನಿನ ಮೇಲಿನ ಉಜ್ಜಿದ ಉಬ್ಬು ಹಾಗೆಯೇ ಇತ್ತು. ನಮ್ಮವನಲ್ಲಿ ಓರೆಯಾಗಿ ಅಂಟಿಸಿದ್ದ ಕಾಗದದ ಚೀಟಿಯು ಅವನಲ್ಲಿ ಚೀಟಿಯಾಗಿರದೆ, ಅಷ್ಟೇ ಓರೆಯಾದ ಒಂದು ಪ್ಲಾಸ್ಟಿಕ್ ಚೌಕವಾಗಿ, ಮಡಿಸಿದ ಮೂಲೆಯ ಸಮೇತ, ಮೈಯಲ್ಲೇ ಮೂಡಿತ್ತು.

ಇಬ್ಬರನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಮೊಮ್ಮಗಳು ಬಂದು ನಮ್ಮವನ ಬಲತೊಡೆಯ ಮೇಲೆ ಬೆರಳಾಡಿಸಿ, “ತಾತ, ಇಲ್ಲಿ ಯಾರೋ ಗೀಚಿದಾರೆ” ಎಂದಳು. ನಾನು ನೋಡಿದೆ, ಮೊಳೆಯಿಂದ ಗೀಚಿದಂತೆ ಮೂರು ಅಡ್ಡಗೆರೆ, ಒಂದು ಉದ್ದಗೆರೆ. ಇಷ್ಟು ವರ್ಷ ಅದನ್ನು ಮಗನ ಕರಾಮತ್ತೆಂದೇ ತಿಳಿದಿದ್ದೆ. ಆ ಕಾರಣಕ್ಕೆ ಒಮ್ಮೆ ಅವನ ಕಿವಿ ಹಿಂಡಿದ ನೆನಪೂ ಇದೆ. “ನಿಮ್ಮಪ್ಪ ಕಣೇ, ಚಿಕ್ಕವನಿದ್ದಾಗ” ಎಂದೆ. ಅವಳು ಹಸುರಿನವನನ್ನು ತೆಗೆದುಕೊಂಡು ಅದೇ ಜಾಗದಲ್ಲಿ ಉಗುರನ್ನು ಓಡಿಸಿದಳು. ಮೂರು ಅಡ್ಡಗೆರೆ, ಒಂದು ಉದ್ದಗೆರೆ, ಕೊಂಚ ಮಂಕಾಗಿ. “ಇದಕ್ಕೂ ಅಪ್ಪಾನೇ ಗೀಚಿದ್ದಾ?”

ಬೆಂಗಳೂರಿನಲ್ಲಿರುವ ಮಗನಿಗೆ ಅಂದು ರಾತ್ರಿಯೇ ಫೋನು ಮಾಡಿ ಕಿವಿಯ ವಿಷಯಕ್ಕೆ ಕ್ಷಮೆ ಕೇಳಿದೆ. ಯಾವ ಊರಿನ ಯಾವ ಮಗುವೋ ತನ್ನ ಗೊಂಬೆಯ ತೊಡೆಯ ಮೇಲೆ ಹಾಕಿದ ಗುರುತು ಅದು. ಅಚ್ಚು ತೆಗೆದವನು ಆ ಮಗುವಿನ ಗೊಂಬೆಯನ್ನೇ ತೆಗೆದುಕೊಂಡಿದ್ದನು. ಈ ಸಲದ ನವರಾತ್ರಿಯಲ್ಲಿ ಉದ್ಯಾನದ ಬಲಬದಿಯಲ್ಲಿ ಹಸುರಿನವನೂ ನಿಂತಿದ್ದಾನೆ.